ಸಿಲ್ವರ್ ಪೇಂಟಿನ ಅಡಿಯಲ್ಲಿ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿನ ತೋಟದ ಮನೆಗಳಲ್ಲಿ ಅಡಿಕೆ ಬೇಯಿಸುವ ಒಲೆಯಿಂದ ಸ್ವಲ್ಪ ಆಚೆಗೆ, ತಗಡಿನ ಶೆಡ್ಡಿನೊಳಗೆ ಹಳೇ ಕಾರೊಂದು ನಿಂತಿರುವುದು ಇವತ್ತಿಗೂ ಅಪರೂಪವಲ್ಲ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ, ಮೊದಲ ಮಗ ಹುಟ್ಟಿದಾಗ ತಂದ ಮಾರುತಿ 800, ಅದರ ಪಕ್ಕದಲ್ಲಿ ಗೋಣಿಚೀಲ ಹೊದ್ದ ಮೈಸೂರಿನ ಯೆಜ್ಡಿ. ನಂಬರ್ ಪ್ಲೇಟ್ ಕೆಎ-14 ಆಗಿದ್ದರೆ ವಾಹನದ ವಯಸ್ಸು ಅಂದಾಜಿಗೆ ಸಿಗುತ್ತದೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗಕ್ಕೆ ಸೇರಿದ್ದವು. ಕೆಎ-17 ಬಂದದ್ದು ಆಮೇಲೆ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಈ ಹಳೇ ಗಾಡಿಗಳಿಗೂ ಒಳ್ಳೆಯ ಕಾಲ. ಮಗನೋ ಮೊಮ್ಮಗನೋ ಗೋಣಿಚೀಲ ಸರಿಸಿ, "ಇದನ್ನೊಮ್ಮೆ ರೆಡಿ ಮಾಡಿಸೋಣ" ಎನ್ನುತ್ತಾನೆ.

ಬಾನೆಟ್ ಎತ್ತಿದರೆ ಮೊದಲು ಕಾಣುವುದು ಸಿಲ್ವರ್ ಪೇಂಟ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎಂಜಿನ್ ಕೆಲಸ ಮುಗಿದ ಮೇಲೆ ಎಲ್ಲಕ್ಕೂ ಒಂದು ಕೋಟ್ ಸಿಲ್ವರ್ ಬಳಿದು ಕೊಡುವುದು ಹಳೇ ರೂಢಿ. ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ತಗಡಿನ ಕವರು ಎಂಬ ಭೇದವಿಲ್ಲ. ಕೆಲವೊಮ್ಮೆ ರಬ್ಬರ್ ಪೈಪಿಗೂ ಒಂದು ಎಳೆ ಬಿದ್ದಿರುತ್ತದೆ. ಸಂತೆಗೆ ಹೊಡೆಯುವ ಎತ್ತಿನ ಕೊಂಬು ಹೆರೆದು ಬಣ್ಣ ಹಚ್ಚಿದ ಹಾಗೆ. ಕೊಳ್ಳುವವನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆಯಿಲ್ ಎಲ್ಲಿ ಜಿನುಗುತ್ತಿದೆ, ಎರಕದಲ್ಲಿ ಎಲ್ಲಿ ಬಿರುಕಿದೆ ಎಂಬುದು ಮುಚ್ಚಿಹೋಗುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಕಾರ್ಖಾನೆಯವರು ಬಹುಪಾಲು ಬಣ್ಣವಿಲ್ಲದೆ ಬರಿಮೈಯಲ್ಲೇ ಬಿಟ್ಟಿರುತ್ತಾರೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ನಮ್ಮಲ್ಲಿ ಬಂದು ಕೂತ ಮೂರು ನಾಲ್ಕು ಪದರದ ಬಣ್ಣ ಇಪ್ಪತ್ತು ವರ್ಷದ ಕಾವಿಗೆ ಸುಲಿದು, ಅದರಡಿ ಎಣ್ಣೆ ಕೂತು, ಕಜ್ಜಿ ಹತ್ತಿದಂತಾದಾಗ ಅದನ್ನು ತೆಗೆಯುವ ಪ್ರಶ್ನೆ ಬರುತ್ತದೆ.

ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಕಾಸ್ಟಿಕ್ ಸೋಡದಾಗೆ ರಾತ್ರಿ ನೆನಿ ಹಾಕಿದ್ರೆ ಬೆಳಿಗ್ಗಿಗೆ ಎಲ್ಲ ಬಿಟ್ಕಂಡು ಬರ್ತತಿ ಬಿಡಣ್ಣ."

ಬಿಟ್ಟುಕೊಂಡು ಬರುವುದು ನಿಜ. ಬಣ್ಣದ ಜೊತೆ ಭಾಗವೂ ಬರುತ್ತದೆ. ಟ್ರ್ಯಾಕ್ಟರಿನ ಕಬ್ಬಿಣದ ಭಾಗಗಳಿಗೆ ಕಾಸ್ಟಿಕ್ ಒಳ್ಳೆಯ ಮದ್ದು. ಬಣ್ಣ, ಗ್ರೀಸು, ಮಸಿ ಎಲ್ಲವನ್ನೂ ತಿಂದು ಕಬ್ಬಿಣವನ್ನು ಮುಟ್ಟದೆ ಬಿಡುತ್ತದೆ. ಅದನ್ನು ಕಂಡ ಕೈ ಅಲ್ಯೂಮಿನಿಯಂಗೂ ಅದೇ ಡ್ರಮ್ಮಿನತ್ತ ಹೋಗುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಅರ್ಧ ಭಾಗ ಇಷ್ಟೇ: ಕಬ್ಬಿಣದ ಮದ್ದು ಅಲ್ಯೂಮಿನಿಯಂಗೆ ವಿಷ.

ಏಕೆಂದು ತಿಳಿಯಲು ಬೆಳಗಾವಿಯ ಕಡೆ ನೋಡಬೇಕು. ಅಲ್ಲಿ ಮೊದಲು ಇಂಡಾಲ್ ಆಗಿದ್ದು ಈಗ ಹಿಂಡಾಲ್ಕೋ ಆಗಿರುವ ಕಾರ್ಖಾನೆಯಿದೆ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವುದು ಅಲ್ಲಿನ ಕೆಲಸ. ಅದಿರನ್ನು ಪುಡಿಮಾಡಿ ಕುದಿಯುವ ಕಾಸ್ಟಿಕ್ ಸೋಡದಲ್ಲಿ ಬೇಯಿಸಿದರೆ ಅದರೊಳಗಿನ ಅಲ್ಯೂಮಿನಾ ಕರಗಿ ದ್ರಾವಣಕ್ಕಿಳಿಯುತ್ತದೆ, ಕಬ್ಬಿಣದ ಅಂಶ ಕರಗದೆ ಕೆಂಪು ಕೆಸರಾಗಿ ತಳದಲ್ಲಿ ಉಳಿಯುತ್ತದೆ. ಕಾರ್ಲ್ ಬೇಯರ್ ಎಂಬ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ 1888ರ ಹೊತ್ತಿಗೆ ರೂಪಿಸಿದ ಈ ವಿಧಾನವೇ ಇಂದಿಗೂ ಜಗತ್ತಿನಾದ್ಯಂತ ನಡೆಯುತ್ತಿದೆ. ಅಂದರೆ ಅಲ್ಯೂಮಿನಿಯಂ ಉದ್ಯಮವೇ ನಿಂತಿರುವುದು, ಕಾಸ್ಟಿಕ್‌ನಲ್ಲಿ ಕಬ್ಬಿಣ ಉಳಿಯುತ್ತದೆ, ಅಲ್ಯೂಮಿನಾ ಕರಗುತ್ತದೆ ಎಂಬ ಒಂದು ಸಂಗತಿಯ ಮೇಲೆ. ಬೆಳಗಾವಿಯಲ್ಲಿ ಬೇಕೆಂದು ಮಾಡುವ ಕೆಲಸವನ್ನು ಗ್ಯಾರೇಜಿನ ಡ್ರಮ್ಮು ಬೇಡವೆಂದರೂ ಮಾಡುತ್ತದೆ.

ಅಲ್ಯೂಮಿನಿಯಂ ಮೈಮೇಲೆ ಗಾಳಿ ತಾಕಿದ ಕೂಡಲೇ ಆಕ್ಸೈಡಿನ ಒಂದು ಪೊರೆ ಕಟ್ಟುತ್ತದೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳು, ಆದರೆ ಬಲು ಗಟ್ಟಿ. ಬಣ್ಣವಿಲ್ಲದೆಯೂ ಅಲ್ಯೂಮಿನಿಯಂ ಬಾಳುವುದು ಈ ಪೊರೆಯಿಂದ. ಕಾರ್ಖಾನೆಯವರು ಬರಿಮೈ ಬಿಡುವುದೂ ಇದನ್ನು ನಂಬಿಯೇ. ಪಿಎಚ್ 4ರಿಂದ ಸುಮಾರು 8.5ರವರೆಗೆ, ಅಂದರೆ ತೀರಾ ಹುಳಿಯೂ ಅಲ್ಲದ ತೀರಾ ಕ್ಷಾರವೂ ಅಲ್ಲದ ನೀರಿನಲ್ಲಿ ಪೊರೆ ನಿಲ್ಲುತ್ತದೆ. ಕಾಸ್ಟಿಕ್ ಅದನ್ನು ಕರಗಿಸಿ ಒಳಗಿನ ಲೋಹಕ್ಕೆ ಬಾಯಿ ಹಾಕುತ್ತದೆ, ಹೈಡ್ರೋಜನ್ ಬುರುಬುರು ಏಳುತ್ತದೆ. ಒಂದು ಗ್ರಾಂ ಅಲ್ಯೂಮಿನಿಯಂ ಕರಗಿದರೆ ಸುಮಾರು 1.2 ಲೀಟರ್ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೆ ಸಾಕು, ಒಂದು ಬೀಡಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕ್ರಿಯೆಯಲ್ಲಿ ಬಿಸಿಯೂ ಹುಟ್ಟುತ್ತದೆ, ಬಿಸಿ ಹೆಚ್ಚಿದಷ್ಟೂ ಕ್ರಿಯೆಯ ವೇಗ ಏರುತ್ತದೆ. ಮುಚ್ಚಳ ಹಾಕಿದ ಡ್ರಮ್ಮು, ಬಾಗಿಲು ಮುಚ್ಚಿದ ಶೆಡ್ಡು, ರಾತ್ರಿಯಿಡೀ ನೆನೆ ಎಂದರೆ ಅನಾಹುತಕ್ಕೆ ಬೇಕಾದದ್ದೆಲ್ಲ ಒಂದೇ ಕಡೆ ಕೂಡಿಸಿಟ್ಟಂತೆ.

ಬೆಳಿಗ್ಗೆ ಎತ್ತಿದ ಭಾಗ ಕಪ್ಪಗಿರುತ್ತದೆ. ಎಂಜಿನ್ ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್, ತಾಮ್ರ ಬೆರೆತಿರುತ್ತವೆ. ಅಲ್ಯೂಮಿನಿಯಂ ಕರಗಿಹೋಗಿ ಅವು ಮಸಿಯಂತೆ ಮೇಲೆ ಉಳಿದಿರುತ್ತವೆ. "ಕರ್ರಗಾತಲ್ಲ" ಎಂದು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುವುದು ಎರಡನೇ ಹೆಜ್ಜೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಇನ್ನೊಂದು ಸುತ್ತು ತಿಂದು ಮೈತುಂಬ ಗುಂಡಿ ಬೀಳಿಸುತ್ತದೆ. ಗ್ಯಾಸ್ಕೆಟ್ ಕೂರುವ ಸಮತಟ್ಟು ಜಾಗ ಹಾಳಾದರೆ ಅಲ್ಲಿಂದ ಆಯಿಲ್ ಜಿನುಗುವುದನ್ನು ಯಾವ ಗ್ಯಾಸ್ಕೆಟ್ ಶೆಲ್ಯಾಕೂ ತಡೆಯಲಾರದು. ಬೋಲ್ಟಿನ ತೂತಿನ ಥ್ರೆಡ್ ಸವೆದಿರುವುದು ಬಿಗಿಮಾಡುವಾಗಲೇ ತಿಳಿಯುವುದು.

ಅಡಿಕೆ ಬೆಳೆಗಾರರಿಗೆ ಈ ವಿಷಯ ಹೊಸದಾಗಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವವರು ಮೈಲುತುತ್ತ, ಸುಣ್ಣ ಎರಡನ್ನೂ ಲೋಹದ ಪಾತ್ರೆಯಲ್ಲಿ ಕಲಸುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಬೇಕು. ದ್ರಾವಣ ಹದಕ್ಕೆ ಬಂತೇ ಎಂದು ನೋಡಲು ಕಬ್ಬಿಣದ ಚಾಕು ಅದ್ದುತ್ತಾರೆ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬೆನ್ನುಹತ್ತಿದ್ದು 1910ರ ಸುಮಾರಿಗೆ. ನೂರು ವರ್ಷಕ್ಕೂ ಮಿಕ್ಕಿ ಯಾವ ದ್ರಾವಣಕ್ಕೆ ಯಾವ ಪಾತ್ರೆ ಎಂಬ ವಿವೇಕ ತೋಟದಲ್ಲಿ ನಡೆದುಬಂದಿದೆ. ಅದು ತೋಟದ ಗೇಟು ದಾಟಿ ಗ್ಯಾರೇಜಿಗೆ ಮಾತ್ರ ಬಂದಿಲ್ಲ. ಅಡುಗೆಮನೆಯವರನ್ನು ಕೇಳಿದರೂ ಹೇಳುತ್ತಾರೆ: ಬೋರ್‌ವೆಲ್ಲಿನ ಗಡಸು ನೀರು ಕುದಿದು ಕುಕ್ಕರಿನ ಒಳಗು ಕಪ್ಪಾಗುತ್ತದೆ, ಒಂದು ನಿಂಬೆಸಿಪ್ಪೆಯೋ ಹುಣಸೆಹಣ್ಣೋ ಹಾಕಿದರೆ ಬೆಳ್ಳಗಾಗುತ್ತದೆ. ಅಡುಗೆಮನೆ, ಗ್ಯಾರೇಜು ಎರಡರಲ್ಲೂ ಲೋಹ ಅದೇ.

ಕ್ಷಾರ ಕಂಡುಹಿಡಿಯುವ ಸಾಧನವೂ ಅಡುಗೆಮನೆಯಲ್ಲಿದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಆರತಿಯ ಕೆಂಪುನೀರು ಮಾಡುತ್ತೇವಲ್ಲ, ಅದು ಕ್ಷಾರ ಪರೀಕ್ಷೆಯೇ. ಬಿಳಿ ಕಾಗದವನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿ ಇಟ್ಟುಕೊಳ್ಳಿ. ಅಂಗಡಿಯವನು "ಸೇಫ್" ಎಂದು ಕೊಟ್ಟ ಯಾವುದೇ ಕ್ಲೀನರಿನ ಒಂದು ಹನಿಯನ್ನು ನೀರಲ್ಲಿ ಬೆರೆಸಿ ಕಾಗದಕ್ಕೆ ಮುಟ್ಟಿಸಿ. ಕೆಂಪಾದರೆ ಅದು ಕ್ಷಾರ; ಒರೆಸಿ ತೊಳೆಯಲು ಆದೀತು, ರಾತ್ರಿಯಿಡೀ ನೆನೆಹಾಕಲು ಆಗದು. ಅರಿಸಿನ ಆಮ್ಲವನ್ನು ಹಿಡಿಯುವುದಿಲ್ಲ ಎಂಬುದನ್ನು ಮರೆಯಬೇಡಿ. "ಅಲಾಯ್ ಬ್ರೈಟ್ನರ್" ಎಂದು ಬರುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅದರ ಲವಣವೋ ಇರುತ್ತದೆ. ಚರ್ಮಕ್ಕೆ ತಾಕಿದಾಗ ಮೊದಲು ಉರಿಯೇ ಗೊತ್ತಾಗದೆ, ಒಳಗಿಳಿದು ಎಲುಬಿನವರೆಗೆ ಹೋಗುವ ವಸ್ತು ಅದು. ಆ ಹೆಸರು ಕಂಡರೆ ಡಬ್ಬಿಯನ್ನು ಹಿಂದಕ್ಕೆ ಕೊಟ್ಟು ಬನ್ನಿ.

ಹಾಗಾದರೆ ಬಣ್ಣ ತೆಗೆಯುವುದು ಹೇಗೆ? ಮೊದಲು ತೆಗೆಯಲೇಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬಣ್ಣ ಗಟ್ಟಿಯಾಗಿ ಕೂತಿದ್ದು ಬಣ್ಣಗೆಟ್ಟಿದೆ ಎಂಬುದಷ್ಟೇ ದೂರಾದರೆ ತೊಳೆದು, ಮೇಲ್ಮೈ ತುಸು ಉಜ್ಜಿ, ಅದರ ಮೇಲೇ ಬಳಿಯಬಹುದು. ಸುಲಿಯುತ್ತಿದ್ದರೆ, ಬಿರುಕು ಹುಡುಕಬೇಕಿದ್ದರೆ, ಆರ್ಗಾನ್ ವೆಲ್ಡಿಂಗ್ ಮಾಡಿಸಬೇಕಿದ್ದರೆ ತೆಗೆಯಲೇಬೇಕು.

ತೆಗೆಯುವುದೆಂದಾದರೆ ಕೈಯಲ್ಲಿರುವುದು ಅಲ್ಯೂಮಿನಿಯಮ್ಮೇ ಎಂದು ಖಾತ್ರಿಯಾಗಬೇಕು. ಅಯಸ್ಕಾಂತ ಅಂಟಿದರೆ ಕಬ್ಬಿಣ. ಅಂಟದೆ ತೂಕವಾಗಿದ್ದರೆ, ಅದರಲ್ಲೂ ಕಾರ್ಬುರೇಟರ್ ಮೈಯಾದರೆ, ಸತುವಿನ ಮಿಶ್ರಲೋಹವಿರಬಹುದು. ಅದಕ್ಕೆ ಆಮ್ಲ, ಕ್ಷಾರ ಎರಡೂ ಆಗದು. ತೀರಾ ಹಗುರವಿದ್ದರೆ ಮೆಗ್ನೀಸಿಯಂ ಇದ್ದೀತು. ಕಾಣದ ಮೂಲೆಯಲ್ಲಿ ಸ್ವಲ್ಪ ಬಣ್ಣ ಕೆರೆದು ಒಂದು ಹನಿ ವಿನೆಗರ್ ಬಿಡಿ. ಮೆಗ್ನೀಸಿಯಂ ಆದರೆ ಗುಳ್ಳೆಗಳೇಳುತ್ತವೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಮೆಗ್ನೀಸಿಯಂ ಭಾಗವನ್ನು ಗ್ರೈಂಡರಿಗೆ ಕೊಡಲೇಬಾರದು. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಉರಿ ಹೆಚ್ಚುತ್ತದೆ.

ಬಣ್ಣ ಯಾವುದೆಂದು ತಿಳಿಯಲು ಥಿನ್ನರ್ ಹಚ್ಚಿದ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಹಳೇ ಎನ್‌ಸಿ ಲ್ಯಾಕರ್, ಥಿನ್ನರಿನಲ್ಲೇ ಹೋಗುತ್ತದೆ. ಸುಕ್ಕುಗಟ್ಟಿದರೆ ಎನಾಮೆಲ್. ಏನೂ ಆಗದಿದ್ದರೆ ಟೂಕೆ ಪೇಂಟ್ ಇಲ್ಲವೇ ಪೌಡರ್ ಕೋಟಿಂಗ್; ಅದಕ್ಕೆ ಮನೆಯ ಉಪಾಯ ಸಾಲದು.

ಇನ್ನೊಂದು ವಿಷಯದಲ್ಲೂ ಎಚ್ಚರ ಬೇಕು. ಎಂಜಿನ್ ನಂಬರ್. ಯೆಜ್ಡಿಯಂಥ ಬೈಕುಗಳಲ್ಲಿ ಅದನ್ನು ಅಲ್ಯೂಮಿನಿಯಂ ಕೇಸಿನ ಮೇಲೇ ಒತ್ತಿರುತ್ತಾರೆ. ಹದಿನೈದು ವರ್ಷ ದಾಟಿದ ವಾಹನ ಮರುನೋಂದಣಿಗೆ ಹೋದಾಗ ಇನ್‌ಸ್ಪೆಕ್ಟರು ಪೆನ್ಸಿಲ್ ಹಿಡಿದು ಹುಡುಕುವುದು ಅದನ್ನೇ. ಬಫಿಂಗ್‌ನವನು ಕನ್ನಡಿಯಂತೆ ಮಾಡಿಕೊಟ್ಟ ಕೇಸಿನಲ್ಲಿ ಎರಡು ಅಂಕಿ ಅಳಿದಿದ್ದರೆ ಆ ಹೊಳಪಿನಿಂದ ಏನೂ ಪ್ರಯೋಜನವಿಲ್ಲ. ಕೆಲಸಕ್ಕೆ ಮುಂಚೆ ನಂಬರಿನ ಫೋಟೊ ತೆಗೆದಿಡಿ, ಆ ಜಾಗಕ್ಕೆ ಎರಡು ಪದರ ಟೇಪ್ ಸುತ್ತಿ, ಅಲ್ಲಿನ ಬಣ್ಣವನ್ನು ಕೊನೆಯಲ್ಲಿ ಕೈಯಿಂದಲೇ ತೆಗೆಯಿರಿ.

ಇನ್ನು ಪೇಂಟ್ ರಿಮೂವರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಕ್ಷಣಮಾತ್ರದಲ್ಲಿ ಬಣ್ಣವನ್ನು ಬೊಬ್ಬೆಯೇಳಿಸುವವು ಬಹುಪಾಲು ಮೆಥಿಲೀನ್ ಕ್ಲೋರೈಡಿನವು. ಡೈಕ್ಲೋರೋಮೀಥೇನ್ ಎಂದೂ ಬರೆದಿರುತ್ತದೆ. ಸುಮ್ಮನೆ ಸವರಿ ಕೆರೆಯುವಷ್ಟು ಹೊತ್ತಿನಲ್ಲಿ ಅದು ಅಲ್ಯೂಮಿನಿಯಂಗೆ ಹೆಚ್ಚೇನೂ ಮಾಡುವುದಿಲ್ಲ. ಮಾಡುವುದು ಮನುಷ್ಯನಿಗೆ. ಅದು ಕುದಿಯುವುದು ಸುಮಾರು 40 ಡಿಗ್ರಿಗೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಎಷ್ಟು ಕಾವಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಡಬ್ಬಿ ತೆರೆದರೆ ಬುಸ್ಸೆನ್ನುತ್ತದೆ. ಆವಿ ಗಾಳಿಗಿಂತ ಮೂರು ಪಟ್ಟಿನಷ್ಟು ಭಾರ. ಕಿಟಕಿಯಿಂದ ಹೋಗುವುದಿಲ್ಲ, ನೆಲದಲ್ಲಿ, ಗಾಡಿ ನಿಲ್ಲಿಸುವ ಗುಂಡಿಯಲ್ಲಿ ಕೂರುತ್ತದೆ. ಗ್ಯಾರೇಜಿನ ಹುಡುಗ ಬೇಸಿನ್ ಮುಂದಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುವುದೂ ಅಲ್ಲೇ.

ಒಳಗೆ ಹೋದದ್ದರಲ್ಲಿ ಒಂದು ಪಾಲು ದೇಹದಲ್ಲಿ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಅಂದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿಟ್ಟು ಮಲಗಿದಾಗ ರಕ್ತಕ್ಕೆ ಸೇರುವ ವಿಷವೇ ಇಲ್ಲೂ ಸೇರುವುದು. ಮೊದಲು ತಲೆ ತಿರುಗುತ್ತದೆ, ಆಮೇಲೆ ಮಂಪರು. ಹೃದಯದ ತೊಂದರೆಯಿರುವವರಿಗೆ ಅಷ್ಟೇ ಸಾಕು. ಬಾತ್‌ಟಬ್ಬಿನ ಬಣ್ಣ ಬಿಡಿಸಲು ಬಚ್ಚಲುಮನೆಯೊಳಗೆ ಇದನ್ನು ಬಳಸಿದ ಕೆಲಸಗಾರರು ಅಲ್ಲೇ ಸತ್ತ ಪ್ರಕರಣಗಳು ಅಮೆರಿಕದಲ್ಲಿ ಒಂದರ ಹಿಂದೊಂದು ದಾಖಲಾದ ಮೇಲೆ, 2019ರಲ್ಲಿ ಅಲ್ಲಿ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಇದರ ಮಾರಾಟ ನಿಷೇಧವಾಯಿತು. 2024ರಲ್ಲಿ ಬೇರೆ ಹಲವು ಬಳಕೆಗಳಿಗೂ ನಿಷೇಧ ಹಬ್ಬಿತು. ಮಾಮೂಲಿ ರಬ್ಬರ್ ಗ್ಲೌಸನ್ನು, ಆಸ್ಪತ್ರೆಯ ನೀಲಿ ನೈಟ್ರೈಲ್ ಗ್ಲೌಸನ್ನು ಇದು ನಿಮಿಷಗಳಲ್ಲಿ ದಾಟುತ್ತದೆ. ಡಬ್ಬಿಮೂತಿಯ ಮಾಸ್ಕಿನ ಇದ್ದಿಲನ್ನೂ ಬೇಗ ದಾಟುತ್ತದೆ. ಮುಖಕ್ಕೆ ಕಟ್ಟಿಕೊಂಡ ಟವೆಲಿನ ಮಾತು ಬಿಡಿ.

ಇದರದೇ ಇನ್ನೊಂದು ಮುಖ ವೆಲ್ಡಿಂಗ್ ಟೇಬಲ್ಲಿನಲ್ಲಿದೆ. ಕ್ಲೋರಿನ್ ಇರುವ ಯಾವುದೇ ರಿಮೂವರ್ ಅಥವಾ ಬ್ರೇಕ್ ಕ್ಲೀನರ್ ಮೂಲೆಯಲ್ಲಿ ಉಳಿದಿದ್ದ ಭಾಗಕ್ಕೆ ಆರ್ಗಾನ್ ವೆಲ್ಡಿಂಗ್ ಕಿಡಿ ಮುಟ್ಟಿಸಿದರೆ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವದು. ಬಿರುಕು ಬಿಟ್ಟ ಹೆಡ್ಡಿನ ಬಣ್ಣ ತೆಗೆದು ಅದೇ ದಿನ ವೆಲ್ಡಿಂಗಿಗೆ ಒಯ್ಯುವವರು ಇದನ್ನು ನೆನಪಿಡಬೇಕು.

ಮೆಥಿಲೀನ್ ಕ್ಲೋರೈಡಿಗೆ ಬದಲಿ ವಿಮಾನದವರು ಹಿಡಿದ ದಾರಿಯಲ್ಲಿದೆ. ಬಹುಪಾಲು ವಿಮಾನಗಳ ಮೈ ಅಲ್ಯೂಮಿನಿಯಂ. ಬಣ್ಣ ಬಿಡಿಸದೆ ಒಳಗಿನ ಬಿರುಕು ಕಾಣುವುದಿಲ್ಲ, ಬಿಡಿಸುವಾಗ ಲೋಹಕ್ಕೆ ಏಟು ಬಿದ್ದರೆ ಪ್ರಾಣಕ್ಕೇ ಸಂಚಕಾರ. ಆ ಉದ್ಯಮ ಮೆಥಿಲೀನ್ ಕ್ಲೋರೈಡಿನಿಂದ ಕ್ರಮೇಣ ಬೆಂಜೈಲ್ ಆಲ್ಕೋಹಾಲ್ ಆಧಾರದ ರಿಮೂವರ್‌ಗಳತ್ತ ಹೊರಳಿತು, ಪ್ಲಾಸ್ಟಿಕ್ ಕಣಗಳನ್ನು ಊದಿ ಬಣ್ಣ ಎಬ್ಬಿಸುವುದನ್ನೂ ಕಲಿತಿತು. ಬೆಂಜೈಲ್ ಆಲ್ಕೋಹಾಲ್ ನಿಧಾನಿ. ಹಚ್ಚಿ, ಆರದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೆಲವು ಗಂಟೆ ಇಲ್ಲವೇ ಒಂದು ರಾತ್ರಿ ಬಿಡಬೇಕು. ಅದರಲ್ಲೂ ಆಮ್ಲ ಸೇರಿಸಿದ್ದು, ಕ್ಷಾರ ಸೇರಿಸಿದ್ದು ಎಂಬ ಬಗೆಗಳಿವೆ. ಅಲ್ಯೂಮಿನಿಯಂಗೆ ಎರಡೂ ಸೇರದ ತಟಸ್ಥದ್ದೇ ಆಗಬೇಕು. ನಮ್ಮೂರಿನ ಅಂಗಡಿಯಲ್ಲಿ ಸಿಗದಿದ್ದರೆ ತರಿಸಬೇಕು, ಬೆಲೆಯೂ ಹೆಚ್ಚು. ಇದಕ್ಕೂ ಗಾಳಿ ಆಡುವ ಜಾಗ, ಕನ್ನಡಕ, ಗ್ಲೌಸು ಬೇಕು.

ನನ್ನನ್ನು ಕೇಳಿದರೆ ಹಳೇ ಎನಾಮೆಲ್ಲಿಗೆ ಮೊದಲ ಮದ್ದು ಬಿಸಿನೀರು. ಎಣ್ಣೆ ಕುಡಿದ ಅಲ್ಯೂಮಿನಿಯಂ ಮೇಲೆ ಸರಿಯಾಗಿ ತೊಳೆಯದೆ ಬಳಿದ ಸಿಲ್ವರ್ ಪೇಂಟಿಗೆ ಹಿಡಿತವೇ ಇರುವುದಿಲ್ಲ. ರಬ್ಬರ್ ಸೀಲು, ಪ್ಲಾಸ್ಟಿಕ್ಕು, ಸೆನ್ಸರು ಎಲ್ಲ ಬಿಚ್ಚಿ, ಭಾಗವನ್ನು ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆದು ಜಿಡ್ಡು ತೆಗೆಯಿರಿ. ಡೀಸೆಲ್ ಪೂರ್ತಿ ಹೋಗುವಂತೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ತಿಕ್ಕಿ. ಆಮೇಲೆ ದೊಡ್ಡ ಹಂಡೆಯ ಬಿಸಿನೀರಿಗೆ ಅದೇ ಲಿಕ್ವಿಡ್ ಸ್ವಲ್ಪ ಬಿಟ್ಟು, ಕುದಿಯಲು ಬಿಡದೆ, ಒಂದೆರಡು ಗಂಟೆ ಮುಳುಗಿಸಿಡಿ. ಅಲ್ಯೂಮಿನಿಯಂ ಕಾದಾಗ ಬಣ್ಣಕ್ಕಿಂತ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತದೆ, ನೀರು ಸೀಳುಗಳಲ್ಲಿ ಇಳಿಯುತ್ತದೆ; ಪ್ಲಾಸ್ಟಿಕ್ ಉಜ್ಜುಗೋರು ಹಿಡಿದು ತಳ್ಳಿದರೆ ಬಣ್ಣ ಹಾಳೆಹಾಳೆಯಾಗಿ ಏಳುವುದುಂಟು. ಮೇಲಿನ ಸಡಿಲ ಪದರಗಳು ಇದರಲ್ಲೇ ಹೋದರೆ ರಿಮೂವರಿನ ಕೆಲಸ ಉಳಿದದ್ದಕ್ಕೆ ಮಾತ್ರ. ವಾಷಿಂಗ್ ಸೋಡ ಹಾಕಿದರೆ ಬೇಗ ಆಗುತ್ತದಲ್ಲ ಎನ್ನುವವರಿದ್ದಾರೆ. ಅದೂ ಕ್ಷಾರವೇ, ಭಾಗ ಕಪ್ಪಾಗುತ್ತದೆ.

ಉಜ್ಜುವ ಬ್ರಷ್ ನೈಲಾನಿನದಿರಲಿ. ಕಬ್ಬಿಣದ ತಂತಿ ಬ್ರಷ್ಷು, ಪಾತ್ರೆ ತಿಕ್ಕುವ ಕಬ್ಬಿಣದ ನಾರು ಅಲ್ಯೂಮಿನಿಯಂ ಮೈಯಲ್ಲಿ ತಮ್ಮ ಪುಡಿ ನೆಟ್ಟು ಹೋಗುತ್ತವೆ. ಮಳೆಗಾಲದ ತೇವಕ್ಕೆ ಆ ಪುಡಿ ತುಕ್ಕು ಹಿಡಿದು, ಸುತ್ತಲಿನ ಅಲ್ಯೂಮಿನಿಯಮ್ಮನ್ನೂ ಕೊರೆಯುತ್ತದೆ. ಬ್ಲೋಲ್ಯಾಂಪ್ ಹಿಡಿದು ಬಣ್ಣ ಸುಡುವುದಂತೂ ಬೇಡವೇ ಬೇಡ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಸಿಲಿಕಾನ್ ಬೆರೆತ ಎರಕದ್ದು ಅದಕ್ಕಿಂತ ಸುಮಾರು ನೂರು ಡಿಗ್ರಿ ಮೊದಲೇ ಮೆತ್ತಗಾಗತೊಡಗುತ್ತದೆ. ಕಬ್ಬಿಣದಂತೆ ಕೆಂಪಾಗಿ ಮುನ್ಸೂಚನೆಯನ್ನೂ ಕೊಡುವುದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಷ್ಟು ದೂರ ಹೋಗದಿದ್ದರೂ 200 ಡಿಗ್ರಿ ದಾಟಿ ಹೆಚ್ಚು ಹೊತ್ತು ಕಾದರೆ ಕಾರ್ಖಾನೆಯಲ್ಲಿ ಕೊಟ್ಟ ಹದ ಇಳಿಯುತ್ತದೆ, ಹೆಡ್ಡು ಬಾಗುತ್ತದೆ.

ಬ್ಲಾಸ್ಟಿಂಗ್ ಬಗ್ಗೆ ಎರಡು ಮಾತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ಈ ಸೀಮೆಗೆ ಲೇತ್ ಹಿಡಿಯುವ ಕೈಗಳಿಗೆ ಬರವಿಲ್ಲ. ಹರಿಹರ, ದಾವಣಗೆರೆ, ಶಿವಮೊಗ್ಗದಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರೂ ಸಿಕ್ಕಾರು. ಆದರೆ ಮರಳು ಗೇಟಿನ ಕಬ್ಬಿಣಕ್ಕೆ, ಅಲ್ಯೂಮಿನಿಯಂಗಲ್ಲ. ಅಲ್ಯೂಮಿನಿಯಂ ಗಡಸುತನ ಮೋಸ್ ಮಾಪನದಲ್ಲಿ 3ಕ್ಕಿಂತ ಕಡಿಮೆ, ಮರಳಿನದು 7. ಮರಳಿನ ಧೂಳು ಊದುವವನಿಗೆ ಸಿಲಿಕೋಸಿಸ್ ತರುವುದೂ ಗೊತ್ತಿರುವುದೇ. ಗಾಜಿನ ಮಣಿ, ಆಕ್ರೋಟಿನ ಸಿಪ್ಪೆಯ ಪುಡಿ, ಅಡುಗೆ ಸೋಡ ಇವು ಮರಳಿಗಿಂತ ಮೆದು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಪ್ರತಿಮೆಯನ್ನು 1980ರ ದಶಕದಲ್ಲಿ ದುರಸ್ತಿ ಮಾಡುವಾಗ ತೆಳು ತಾಮ್ರದ ಒಳಮೈಗೆ ಏಟಾಗದಂತೆ ಹಳೇ ಡಾಂಬರು ಲೇಪ ತೆಗೆದದ್ದು ಅಡುಗೆ ಸೋಡ ಊದಿಯೇ.

ಊದಿದ ಕಣಗಳ ನಿಜವಾದ ಅಪಾಯ ಎಂಜಿನ್ ಸ್ಟಾರ್ಟ್ ಆದ ಮೇಲೆ. ಆಯಿಲ್ ಹೋಗುವ ಸಣ್ಣ ದಾರಿಗಳಲ್ಲಿ ಕೂತ ಒಂದು ಚಿಟಿಕೆ ಪುಡಿ ಬೇರಿಂಗ್ ತಿನ್ನುತ್ತದೆ. ಗ್ಯಾಸ್ಕೆಟ್ ಕೆರೆಯುವ ಉಜ್ಜುಗಾಗದದ ಚಕ್ರಗಳು ಕೂಡ ಇದೇ ಕಾರಣಕ್ಕೆ ಕೆಟ್ಟ ಹೆಸರು ಪಡೆದಿವೆ. ಅವುಗಳಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಆಯಿಲ್ಲಿಗೆ ಸೇರಿ ಎಂಜಿನ್ನುಗಳು ಕೆಟ್ಟದ್ದನ್ನು ಕಂಡು ಜನರಲ್ ಮೋಟರ್ಸ್ ತನ್ನ ಮೆಕ್ಯಾನಿಕ್ಕುಗಳಿಗೆ ಅವನ್ನು ಬಳಸಬೇಡಿ ಎಂದು ಎಚ್ಚರಿಸಿತ್ತು. ಹೊರಗೆ ಪೊರೆಯಾಗಿ ಕಾಯುವ ಆಕ್ಸೈಡೇ ಪುಡಿಯಾಗಿ ಒಳಗೆ ಹೋದರೆ ಮೋಸ್ ಮಾಪನದಲ್ಲಿ ವಜ್ರದ ನಂತರದ ಗಡಸುತನದ್ದು. ತೂತುಗಳನ್ನೆಲ್ಲ ಮೊದಲೇ ಮುಚ್ಚಿ, ಮುಗಿದ ಮೇಲೆ ಪ್ಲಗ್ ಬಿಚ್ಚಿ, ಬಿಸಿನೀರು ಹಾಯಿಸಿ, ಗಾಳಿ ಊದಿ, ಮತ್ತೊಮ್ಮೆ ತೊಳೆಯಬೇಕು.

ಒಣ ಬಫಿಂಗ್ ಮಾಡುವವರಿಗೆ ಚೀನಾದ ಕುನ್‌ಶಾನ್ ಹೆಸರು ತಿಳಿದಿರಬೇಕು. 2014ರ ಆಗಸ್ಟ್ 2ರಂದು ಅಲ್ಲಿ ಕಾರಿನ ಅಲ್ಯೂಮಿನಿಯಂ ಚಕ್ರಗಳನ್ನು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ತುಂಬಿಕೊಂಡಿದ್ದ ಧೂಳು ಸ್ಫೋಟಿಸಿತು. ಆ ದಿನ ಮತ್ತು ಮುಂದಿನ ತಿಂಗಳುಗಳಲ್ಲಿ ಸತ್ತವರು 146 ಮಂದಿ. ನಮ್ಮ ಬೆಂಚ್ ಗ್ರೈಂಡರಿನಲ್ಲಿ ಅಷ್ಟು ಧೂಳೇಳುವುದಿಲ್ಲ ಎಂದುಕೊಳ್ಳಬಹುದು. ಬೆಳಿಗ್ಗೆ ಕುಡುಗೋಲು, ಮಧ್ಯಾಹ್ನ ಅಲ್ಯೂಮಿನಿಯಂ ಹಿಡಿದ ಅದೇ ಕಲ್ಲಿನ ಕೆಳಗೆ ಕಬ್ಬಿಣದ ತುಕ್ಕು, ಅಲ್ಯೂಮಿನಿಯಂ ಪುಡಿ ಬೆರೆತು ಕೂರುತ್ತವೆ. ರೈಲು ಹಳಿ ಬೆಸೆಯುವ ಥರ್ಮೈಟ್ ಮದ್ದಿನ ಸಾಮಗ್ರಿ ಅವೇ ಎರಡು.

ಬಣ್ಣದ ಪುಡಿಯ ಮಾತು ಬೇರೆ. ಹಳೇ ಹಸಿರು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ, ಕ್ರೋಮೇಟ್ ಇರುವ ಸಂಭವ ಹೆಚ್ಚು. ಭಾರತದಲ್ಲಿ 2017ರ ನವೆಂಬರ್‌ನಿಂದ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವಿದೆಯಾದರೂ ಅದು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ; ವಾಹನದ ಬಣ್ಣ ಅದರ ಹೊರಗೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದಶಕಗಳ ಕಾಲ ಹೇಳುತ್ತ ಬಂದರು. ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು, ಆದರೆ ಆ ಕಾಲದ ಎಂಜಿನ್ನಿನ ಒಳಮಸಿಯಲ್ಲಿ ಅದು ಇನ್ನೂ ಇದ್ದೀತು. ಒಣ ಎಮರಿ ಪೇಪರಿನಲ್ಲಿ ಉಜ್ಜಿದ ಪುಡಿ ಉಸಿರಿಗೆ ಹೋಗುತ್ತದೆ, ಅಂಗಿಗೆ ಹತ್ತಿ ಮನೆಗೂ ಬರುತ್ತದೆ, ಮನೆಯಲ್ಲಿ ತೆವಳುವ ಮಗುವಿನ ಬಾಯಿಗೂ ಸೇರುತ್ತದೆ. ಆದ್ದರಿಂದ ನೀರು ಹಾಕಿಕೊಂಡೇ ಉಜ್ಜಬೇಕು, ಕೆಲಸದ ಅಂಗಿ ಗ್ಯಾರೇಜಿನಲ್ಲೇ ಉಳಿಯಬೇಕು, ಕೈ ತೊಳೆಯದೆ ಚಹಾದ ಲೋಟ ಮುಟ್ಟಬಾರದು.

ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿಗೆ. ಚರಂಡಿ ಹೊಳೆಗೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ಹರಿದುಬಂದ ನೀರು ಹೊನ್ನಾಳಿ ದಾಟಿದ ಮೇಲೆ ಹರಿಹರಕ್ಕೂ ದಾವಣಗೆರೆಗೂ ಕುಡಿಯಲು ಹೋಗುತ್ತದೆ. ಈ ಹೊಳೆಗೆ ಕಾರ್ಖಾನೆ ತ್ಯಾಜ್ಯ ಬಿಡುವುದರ ವಿರುದ್ಧ 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ದೊಡ್ಡ ಹೋರಾಟ ನಡೆಸಿತು. ಒಂದು ಗ್ಯಾರೇಜಿನ ಬಕೆಟ್ಟು ಕಾರ್ಖಾನೆಗೆ ಸಮವಲ್ಲ, ಒಪ್ಪಿದೆ. ಆದರೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಪೇಂಟ್ ಕೆಸರಿನ ಹೆಸರೂ ಇದೆ. ಭಾಗ ತೊಳೆದ ಡೀಸೆಲ್ಲಿನ ಬಕೆಟ್ಟನ್ನು ಒಂದು ದಿನ ಅಲ್ಲಾಡಿಸದೆ ಬಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ. ತಿಳಿಯಾದ ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಬಹುದು. ತಳದ ಕೆಸರನ್ನು ಮರದ ಹೊಟ್ಟಿನಲ್ಲಿ ಹೀರಿಸಿ, ಹಳೇ ಡಬ್ಬಿಯಲ್ಲಿ ಮುಚ್ಚಿಡಿ. ಒಲೆಗೆ ಹಾಕಬೇಡಿ.

ಬಣ್ಣ ಹೋದ ಮೇಲೆ ಅಲ್ಯೂಮಿನಿಯಂ ಭಾಗ ಮಂಕು ಬೂದು ಬಣ್ಣಕ್ಕೆ ಬರುತ್ತದೆ. ಅದೇ ಅದರ ಸ್ವಂತ ಬಣ್ಣ, ಹಾಗೇ ಬಿಡುವುದು ನನಗಿಷ್ಟ. ಬಿರುಕು ಕಾಣುತ್ತದೆ, ಆಯಿಲ್ ಜಿನುಗಿದರೆ ಗೊತ್ತಾಗುತ್ತದೆ. ಬಳಿಯಲೇಬೇಕೆನ್ನುವವರು ಅಲ್ಯೂಮಿನಿಯಂಗೆಂದೇ ಬರುವ ಎಚಿಂಗ್ ಪ್ರೈಮರ್ ಹೊಡೆಸಿ, ಆಮೇಲೆ ಶಾಖ ತಡೆಯುವ ಎಂಜಿನ್ ಎನಾಮೆಲ್ ಹಾಕಿಸಲಿ. ಗ್ಯಾಸ್ಕೆಟ್ ಕೂರುವ ಅಂಚಿಗೆ ಬಣ್ಣ ಬೀಳಕೂಡದು.

ಗಿರಾಕಿಗಳಿಗೆ ಒಂದು ವಿನಂತಿ. ನಮ್ಮ ಗ್ಯಾರೇಜಿನವರು ಕಾಸ್ಟಿಕ್ ಡ್ರಮ್ಮಿಗೆ ಕೈ ಹಾಕುವುದು ಬಹುಮಟ್ಟಿಗೆ ನಮ್ಮ ಅವಸರಕ್ಕೆ. ಬಿಸಿನೀರು, ನೈಲಾನ್ ಬ್ರಷ್ಷು, ನಿಧಾನದ ರಿಮೂವರ್ ಇವಕ್ಕೆ ಎರಡು ದಿನ ಹೆಚ್ಚು ಬೇಕು, ಆ ಎರಡು ದಿನದ ಕೂಲಿಯೂ ಬೇಕು. ಅದನ್ನು ಚೌಕಾಸಿ ಮಾಡದೆ ಕೊಡಿ. ಭಾಗವನ್ನು ಒಪ್ಪಿಸುವಾಗ "ಯಾವಾಗ ಸಿಗುತ್ತೆ" ಎಂದು ಕೇಳುವ ಮುಂಚೆ "ಯಾವುದರಲ್ಲಿ ನೆನೆಹಾಕ್ತೀರಿ" ಎಂದು ಕೇಳಿ. ಕಾಸ್ಟಿಕ್ ಎಂದರೆ ಭಾಗವನ್ನು ಕೈಯಲ್ಲೇ ಹಿಡಿದು ವಾಪಸ್ ಮನೆಗೆ ತನ್ನಿ.